ಒಯ್ಯುವ ಪಿಸ್ತೂಲಿಗೆ ಅಲಾಯ್ ಫ್ರೇಮೋ, ಉಕ್ಕಿನ ಫ್ರೇಮೋ?

ಪ್ರಶ್ನೆ: ಪಿಸ್ತೂಲು ಒಯ್ಯಲು ನನಗೆ ಪರವಾನಗಿ ಇದೆ. ಬೆಳಗಿನಿಂದ ರಾತ್ರಿಯವರೆಗೆ ಸೊಂಟದಲ್ಲೇ ಇರಬೇಕಾದ 9 ಎಂಎಂ ಪಿಸ್ತೂಲಿನ ಒಂದು ಮಾದರಿಯನ್ನು ಆರಿಸಿಕೊಂಡಿದ್ದೇನೆ. ಆದರೆ ಅದೇ ಮಾದರಿ ಅಲ್ಯೂಮಿನಿಯಂ ಅಲಾಯ್ ಫ್ರೇಮ್‌ನಲ್ಲೂ ಉಕ್ಕಿನ ಫ್ರೇಮ್‌ನಲ್ಲೂ ಸಿಗುತ್ತದೆ. ಅಲಾಯ್ ಫ್ರೇಮ್ ಕೆಲವು ಸಾವಿರ ಗುಂಡುಗಳಿಗೇ ಬಿರುಕು ಬಿಡುತ್ತದೆ ಎಂದು ಒಬ್ಬ ಸ್ನೇಹಿತರು ಹೆದರಿಸುತ್ತಾರೆ. ಉಕ್ಕಿನದನ್ನು ಕೊಂಡರೆ ತಿಂಗಳೊಳಗೆ ಅದನ್ನು ಮನೆಯಲ್ಲೇ ಬಿಟ್ಟು ಹೊರಡಲು ಶುರುಮಾಡುತ್ತೀರಿ ಎಂದು ಇನ್ನೊಬ್ಬರು ಹೇಳುತ್ತಾರೆ. ತಿಂಗಳಿಗೆ ಎರಡು ಸಲ, ಪ್ರತಿ ಸಲ ನೂರು ಗುಂಡುಗಳಂತೆ ಅಭ್ಯಾಸ ಮಾಡುವ ಉದ್ದೇಶವಿದೆ. ಯಾವುದನ್ನು ಕೊಳ್ಳಲಿ?

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿ ಹೇಳುವುದಾದರೆ, ಅಲಾಯ್ ಫ್ರೇಮ್‌ನದನ್ನೇ ಕೊಳ್ಳಿ. ನಿಮ್ಮ ಎರಡನೆಯ ಸ್ನೇಹಿತರು ಹೇಳಿದ್ದು ದಿನನಿತ್ಯದ ಸತ್ಯ. ಮೊದಲನೆಯವರ ಭಯಕ್ಕೂ ಆಧಾರವಿಲ್ಲದಿಲ್ಲ, ಆದರೆ ಅದು ನಿಮ್ಮಷ್ಟು ಬಳಸುವವರನ್ನು ಮುಟ್ಟುವುದಿಲ್ಲ. ಈ ತೀರ್ಮಾನಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಈ ವಿಷಯದಲ್ಲಿ ಕೇಳಿಬರುವ ಮಾತುಗಳಲ್ಲಿ ಅರ್ಧದಷ್ಟು ಐವತ್ತು ವರ್ಷಗಳ ಹಿಂದಿನ ಪಿಸ್ತೂಲುಗಳ ಬಗ್ಗೆ ಆಡಿದವು.

ಎರಡು ಪಿಸ್ತೂಲುಗಳ ನಡುವೆ ಬದಲಾಗುವುದು ಹಿಡಿಕೆ, ಟ್ರಿಗರ್‌ನ ಭಾಗಗಳು ಮತ್ತು ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಮೇಲ್ಭಾಗ) ಓಡುವ ಹಳಿಗಳನ್ನು ಹೊತ್ತಿರುವ ಕೆಳಭಾಗ, ಅಂದರೆ ಫ್ರೇಮ್, ಮಾತ್ರ. ಬ್ಯಾರೆಲ್, ಸ್ಲೈಡ್, ಸ್ಪ್ರಿಂಗ್, ಪಿನ್ನುಗಳು ಎರಡರಲ್ಲೂ ಉಕ್ಕಿನವೇ. ಗುಂಡು ಹಾರಿದಾಗ ಹುಟ್ಟುವ ಒತ್ತಡವನ್ನು ತಡೆಯುವುದು ಬ್ಯಾರೆಲ್ ಮತ್ತು ಸ್ಲೈಡ್. ಫ್ರೇಮ್‌ಗೆ ತಗಲುವುದು ಹಿಂದಕ್ಕೆ ಬಂದ ಸ್ಲೈಡ್‌ನ ಹೊಡೆತ ಮತ್ತು ಬ್ಯಾರೆಲನ್ನು ಕೆಳಕ್ಕೆ ಎಳೆಯುವ ಭಾಗದ ಹೊಡೆತ. ಆದ್ದರಿಂದ ಅಲಾಯ್ ಫ್ರೇಮ್‌ನ ಪಿಸ್ತೂಲು ಕೈಯಲ್ಲೇ ಒಡೆದುಹೋಗುತ್ತದೆಂಬ ಭಯವನ್ನು ಮೊದಲೇ ಬದಿಗಿಡಬಹುದು. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ, ಪಿಸ್ತೂಲಿನ ಫ್ರೇಮ್‌ಗೆ ಬಳಸುವ ಅಲ್ಯೂಮಿನಿಯಂ ಅಲಾಯ್‌ನದು ಸುಮಾರು 2.8 ಗ್ರಾಂ. ಫ್ರೇಮ್ ಒಂದೇ ಬದಲಾಗುವುದರಿಂದ ಇಡೀ ಪಿಸ್ತೂಲಿನ ತೂಕದಲ್ಲಿ ಕಾಣುವ ವ್ಯತ್ಯಾಸ ಗಾತ್ರಕ್ಕೆ ತಕ್ಕಂತೆ 130ರಿಂದ 250 ಗ್ರಾಂ ಎಂದಿಟ್ಟುಕೊಳ್ಳಿ.

ಕಾಗದದ ಮೇಲೆ ಇದು ಏನೂ ಅಲ್ಲ ಎನಿಸುತ್ತದೆ. ಕೌಂಟರಿನ ಮೇಲಿಟ್ಟ ಖಾಲಿ ಪಿಸ್ತೂಲನ್ನು ಎತ್ತಿ ನೋಡಿದಾಗಲೂ ಹಾಗೆಯೇ ಎನಿಸುತ್ತದೆ. ಉಕ್ಕಿನದು ಕೈಗೆ ಹಿತವಾಗಿ, ಭದ್ರವಾಗಿ ಕೂರುವುದರಿಂದ ಅದರ ಕಡೆಗೇ ಮನಸ್ಸು ವಾಲುವುದೂ ಉಂಟು. ಆದರೆ ಸೊಂಟಕ್ಕೆ ಈ ತೂಕ ತಿಳಿಯುವುದು ಎತ್ತಿದಾಗಲ್ಲ. ಕುಳಿತು, ಎದ್ದು, ಬಗ್ಗಿ, ಗಾಡಿ ಓಡಿಸಿ, ಮೆಟ್ಟಿಲು ಹತ್ತಿ ಎಂಟು ಹತ್ತು ಗಂಟೆಗಳು ಕಳೆದ ಮೇಲೆ. ಹದಿನೈದು ಕಾಡತೂಸುಗಳು ಇನ್ನೂ 180 ಗ್ರಾಂ ಸೇರಿಸುತ್ತವೆ. ಒಂದು ಬದಿಗೆ ಮಾತ್ರ ಜೋತಿರುವ ಒಂದು ಕಿಲೋಗಿಂತ ಹೆಚ್ಚಿನ ಭಾರ ಬೆಲ್ಟನ್ನು ಕೆಳಕ್ಕೆ ಎಳೆಯುತ್ತದೆ, ಹಿಡಿಕೆ ಹೊರಕ್ಕೆ ವಾಲಿ ಅಂಗಿಯ ಮೇಲೆ ಉಬ್ಬು ಮೂಡುತ್ತದೆ, ಮತ್ತೆ ಮತ್ತೆ ಕೈ ಅಲ್ಲಿಗೇ ಹೋಗುತ್ತದೆ. ಕೈ ಅಲ್ಲಿಗೆ ಹೋಗುವುದೇ ನೋಡುವವರಿಗೆ ಸುಳಿವು. ಆಮೇಲೆ ಹತ್ತಿರದ ಕೆಲಸಕ್ಕೆ ಹೊರಟಾಗ ಇವತ್ತೊಂದು ದಿನ ಬೇಡ ಎನ್ನುವ ಅಭ್ಯಾಸ ಶುರುವಾಗುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಭಾರದ ಬಗ್ಗೆ ದೂರುವವರಲ್ಲಿ ಬಹಳ ಮಂದಿಯ ತೊಂದರೆ ಇರುವುದು ಅವರ ಬೆಲ್ಟ್‌ನಲ್ಲಿ. ಪ್ಯಾಂಟಿಗೆ ಕಟ್ಟುವ ಮೆತ್ತನೆಯ ಚರ್ಮದ ಪಟ್ಟಿ ಪಿಸ್ತೂಲನ್ನು ಹೊರಲು ಮಾಡಿದ್ದಲ್ಲ. ಅಡ್ಡಡ್ಡಲಾಗಿ ತಿರುಚಿದರೆ ತಿರುಚಿಕೊಳ್ಳದ, ಸುಮಾರು 38 ಎಂಎಂ ಅಗಲದ ಗಟ್ಟಿ ಬೆಲ್ಟ್ ಮತ್ತು ಅದೇ ಅಗಲಕ್ಕೆ ಹೊಂದುವ ಹೋಲ್ಸ್ಟರ್ ಇದ್ದರೆ ಉಕ್ಕಿನ ಪಿಸ್ತೂಲೂ ಸಹನೀಯವಾಗುತ್ತದೆ. ಇಲ್ಲದಿದ್ದರೆ ಅಲಾಯ್ ಕೂಡ ಕಾಟ ಕೊಡುತ್ತದೆ. ಫ್ರೇಮ್‌ನ ಬಗ್ಗೆ ತೀರ್ಮಾನಿಸುವ ಮೊದಲು ಇದನ್ನು ಸರಿಪಡಿಸಿಕೊಳ್ಳಿ.

ಇನ್ನು ಒದೆತದ ವಿಷಯ. ಹಗುರವಾದದ್ದು ಹೆಚ್ಚು ಒದೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಎಷ್ಟು ಹೆಚ್ಚು ಎಂದು ಲೆಕ್ಕ ಹಾಕುವವರು ಕಡಿಮೆ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತೆಂದು ತಿಳಿಯೋಣ. ಮದ್ದಿನ ಅನಿಲದ ಪಾಲನ್ನೂ ಸೇರಿಸಿದರೆ ಒಟ್ಟು ಸಂವೇಗ ಸುಮಾರು 3.2 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಇಷ್ಟನ್ನು ಪಿಸ್ತೂಲು ಹಿಂದಕ್ಕೆ ಹೊರಲೇಬೇಕು, ಫ್ರೇಮ್ ಯಾವುದಾದರೂ ಸರಿ. ಕಾಡತೂಸು ತುಂಬಿದ ಉಕ್ಕಿನ ಪಿಸ್ತೂಲು 1180 ಗ್ರಾಂ, ಅಲಾಯ್‌ನದು 930 ಗ್ರಾಂ ಇದ್ದರೆ, ಕೈಗೆ ಬರುವ ಒದೆತದ ಶಕ್ತಿ ಮೊದಲನೆಯದರಲ್ಲಿ ಸುಮಾರು 4.3 ಜೂಲ್, ಎರಡನೆಯದರಲ್ಲಿ ಸುಮಾರು 5.5 ಜೂಲ್ ಆಗುತ್ತದೆ. ಅಂದರೆ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಕಾಡತೂಸು ತುಂಬುವ ಮ್ಯಾಗಜೀನ್ ಖಾಲಿಯಾಗುತ್ತ ಬಂದಂತೆ ಎರಡೂ ಹಗುರವಾಗುತ್ತವೆ, ಕೊನೆಯ ಗುಂಡಿನ ಹೊತ್ತಿಗೆ ಈ ಅಂತರ ಮೂರನೇ ಒಂದು ಭಾಗದ ಹತ್ತಿರಕ್ಕೆ ಬರುತ್ತದೆ. ಇದು ತೂಕದ ಅಂತರ 250 ಗ್ರಾಂ ಇರುವಾಗಿನ ಲೆಕ್ಕ. ನಿಮ್ಮ ಮಾದರಿಯಲ್ಲಿ ಅಂತರ 130 ಗ್ರಾಂ ಮಾತ್ರ ಇದ್ದರೆ ಒದೆತದ ವ್ಯತ್ಯಾಸವೂ ಅರ್ಧಕ್ಕೆ ಇಳಿಯುತ್ತದೆ.

9 ಎಂಎಂ ಮಟ್ಟಿಗೆ ಇದು ನೋಯಿಸುವ ಒದೆತವಲ್ಲ. ವ್ಯತ್ಯಾಸ ಕಾಣುವುದು ಎರಡನೆಯ ಗುಂಡಿನಲ್ಲಿ: ಉಕ್ಕಿನ ಪಿಸ್ತೂಲಿನ ಮುಂತುದಿಯಲ್ಲಿ ಗುರಿ ನೋಡಲು ಇರುವ ಸೈಟ್ ಕಡಿಮೆ ಎತ್ತರಕ್ಕೆ ಎದ್ದು ಮೊದಲಿನ ಜಾಗಕ್ಕೆ ಬೇಗ ಮರಳುತ್ತದೆ, ಅಲಾಯ್‌ನದು ಸ್ವಲ್ಪ ಚುರುಕಾಗಿ ಮೇಲಕ್ಕೆ ಹಾರುತ್ತದೆ. ನೂರು ಗುಂಡುಗಳ ಅಭ್ಯಾಸದ ಕೊನೆಯಲ್ಲಿ ಅಂಗೈ ಇದನ್ನು ಗುರುತಿಸುತ್ತದೆ. ಒಂದೇ ಕೈಯಲ್ಲಿ ಹಿಡಿದು ಹಾರಿಸಿ ನೋಡಿದರೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ, ಆದ್ದರಿಂದ ಸಾಧ್ಯವಿದ್ದರೆ ಕೊಳ್ಳುವ ಮೊದಲು ಎರಡನ್ನೂ ಹಾಗೆಯೇ ಪರೀಕ್ಷಿಸಿ. ಕಾಡತೂಸು ಇನ್ನೂ ದೊಡ್ಡದಾದ .45 ಆದರೆ ಈ ಎಲ್ಲ ವ್ಯತ್ಯಾಸವೂ ಒಂದು ಹೆಜ್ಜೆ ದೊಡ್ಡದಾಗುತ್ತದೆ. ಅಲ್ಲಿ ಉಕ್ಕಿನ ಪರವಾಗಿ ವಾದಿಸುವವರೊಡನೆ ನಾನು ಜಗಳವಾಡುವುದಿಲ್ಲ.

ಬಿರುಕಿನ ಮಾತಿಗೆ ಬರೋಣ. ಒಳ್ಳೆಯ ಫ್ರೇಮ್‌ಗಳಿಗೆ ಬಳಸುವ 7075-ಟಿ6 ಅಲಾಯ್ ಪಾತ್ರೆಪಗಡಗಳ ಅಲ್ಯೂಮಿನಿಯಂ ಅಲ್ಲ. ಸತು ಸೇರಿಸಿ ಹದಗೊಳಿಸಿದ ಈ ಲೋಹವನ್ನು 1930ರ ದಶಕದಲ್ಲಿ ಜಪಾನಿನಲ್ಲಿ ವಿಮಾನಗಳಿಗಾಗಿ ರೂಪಿಸಲಾಯಿತು. ಎಳೆದು ತುಂಡರಿಸಲು ಬೇಕಾಗುವ ಬಲದಲ್ಲಿ, ಸುಮಾರು 570 ಮೆಗಾಪಾಸ್ಕಲ್‌ಗಳಷ್ಟಿರುವ ಇದು ಸಾಧಾರಣ ಕಟ್ಟಡದ ಉಕ್ಕನ್ನೂ ಮೀರಿಸುತ್ತದೆ. ಹಾಗಿದ್ದೂ ಎರಡು ವಿಷಯಗಳಲ್ಲಿ ಅದು ಉಕ್ಕಿಗೆ ಸಮನಲ್ಲ. ಒಂದು, ಬಿಗಿತ: ಒಂದೇ ಬಲಕ್ಕೆ ಅದು ಉಕ್ಕಿಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಇನ್ನೊಂದು, ದಣಿವು. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಅದು ಹೇಗೆ ತುಂಡಾಗುತ್ತದೋ ಹಾಗೆಯೇ ಪ್ರತಿ ಗುಂಡಿಗೂ ಫ್ರೇಮ್ ಕಣ್ಣಿಗೆ ಕಾಣದಷ್ಟು ಬಾಗಿ ಮರಳುತ್ತದೆ. ಉಕ್ಕಿಗೆ ಒಂದು ಮಿತಿಯಿದೆ. ಹೊರೆ ಆ ಮಿತಿಗಿಂತ ಕೆಳಗಿದ್ದರೆ ಎಷ್ಟು ಲಕ್ಷ ಸಲ ಬಾಗಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಪ್ರತಿ ಹೊಡೆತವೂ, ಎಷ್ಟೇ ಚಿಕ್ಕದಾಗಿರಲಿ, ಲೆಕ್ಕಕ್ಕೆ ಸೇರುತ್ತದೆ. ಇದನ್ನು ಬಲ್ಲ ತಯಾರಕರು ಹೊಡೆತ ಬೀಳುವ ಜಾಗದಲ್ಲಿ ಲೋಹವನ್ನು ದಪ್ಪವಾಗಿ ಬಿಡುತ್ತಾರೆ, ಮೂಲೆಗಳನ್ನು ದುಂಡಗೆ ಮಾಡುತ್ತಾರೆ, ಕೆಲವೆಡೆ ಉಕ್ಕಿನ ತುಣುಕನ್ನೇ ಕೂರಿಸುತ್ತಾರೆ.

ಹಳೆಯ ಪಿಸ್ತೂಲುಗಳಲ್ಲಿ ಈ ಜಾಣತನ ಇನ್ನೂ ಪೂರ್ತಿ ಬಂದಿರಲಿಲ್ಲ. 1930ರ ದಶಕದಲ್ಲೇ ವಾಲ್ಥರ್ ಕಂಪನಿ ತನ್ನ ಪಿಪಿ ಮಾದರಿಯ ಕೆಲವು ಪಿಸ್ತೂಲುಗಳಿಗೆ ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಅಲಾಯ್‌ನ ಫ್ರೇಮ್ ಹಾಕಿತ್ತು, ಆದರೆ ಅವು ಸಣ್ಣ ಕಾಡತೂಸಿನವು. ಎರಡನೇ ಮಹಾಯುದ್ಧದ ನಂತರ, 1949ರಲ್ಲಿ, ಅಮೆರಿಕದ ಸೇನೆ ತನ್ನ ಅಧಿಕಾರಿಗಳಿಗಾಗಿ ಹಗುರವಾದ ಪಿಸ್ತೂಲನ್ನು ಹುಡುಕಿದಾಗ ಕೋಲ್ಟ್ ಕಂಪನಿ ಆ ಸೇನೆಯ ಹಳೆಯ .45 ಪಿಸ್ತೂಲಾದ 1911 ಮಾದರಿಯನ್ನು ಮೊಟಕುಗೊಳಿಸಿ, ಅಲ್ಯೂಮಿನಿಯಂ ಫ್ರೇಮ್ ಕೊಟ್ಟು ಕಮಾಂಡರ್ ಎಂಬ ಪಿಸ್ತೂಲನ್ನು ತಯಾರಿಸಿತು. ಸೇನೆ ಅದನ್ನು ಕೊಳ್ಳಲಿಲ್ಲ, ಒಯ್ಯುವವರು ಕೊಂಡರು. ಸ್ಲೈಡನ್ನು ತೆರೆದು ನಿಲ್ಲಿಸುವ ಸನ್ನೆಯ (ಸ್ಲೈಡ್ ಸ್ಟಾಪ್) ಪಿನ್ ತೂರುವ ರಂಧ್ರದ ಮೇಲೆ ಉಳಿದಿದ್ದ ತೆಳ್ಳನೆಯ ಲೋಹದ ಸೇತುವೆ ಕೆಲವು ಕಮಾಂಡರ್‌ಗಳಲ್ಲಿ ಬಿರುಕು ಬಿಟ್ಟಿತು. ಆ ಸೇತುವೆಗೆ ಅಲ್ಲಿ ಕೆಲಸವೇನೂ ಇರಲಿಲ್ಲವಾದ್ದರಿಂದ ಕೋಲ್ಟ್ ಮುಂದೆ ಅದನ್ನು ಕತ್ತರಿಸಿಯೇ ತೆಗೆಯಿತು. 1970ರ ಹೊತ್ತಿಗೆ ಅದೇ ಕಂಪನಿ ಉಕ್ಕಿನ ಫ್ರೇಮ್‌ನ ಕಾಂಬ್ಯಾಟ್ ಕಮಾಂಡರನ್ನೂ ಮಾರುಕಟ್ಟೆಗೆ ತಂದಿತು, ಅಂದಿನಿಂದ ನಿಮ್ಮ ಪ್ರಶ್ನೆಯನ್ನು ಜನ ಕೇಳುತ್ತಲೇ ಇದ್ದಾರೆ.

ಇನ್ನೂ ಒಳ್ಳೆಯ ಉದಾಹರಣೆ ಜರ್ಮನಿಯದು. ಯುದ್ಧಕಾಲದ ಉಕ್ಕಿನ ಪಿ38 ಪಿಸ್ತೂಲನ್ನು 1957ರಿಂದ ಅಲ್ಯೂಮಿನಿಯಂ ಫ್ರೇಮ್‌ನೊಂದಿಗೆ ಮತ್ತೆ ತಯಾರಿಸಲಾಯಿತು, ಮುಂದೆ ಅದಕ್ಕೆ ಪಿ1 ಎಂಬ ಹೆಸರು ಬಂತು. ಉಕ್ಕಿಗೆಂದು ರೂಪಿಸಿದ ಆಕಾರವನ್ನೇ ಅಲ್ಯೂಮಿನಿಯಂಗೆ ಒಪ್ಪಿಸಿದ್ದರಿಂದ ಬ್ಯಾರೆಲಿನ ಬೀಗ ಬಡಿಯುವ ಜಾಗ ಸಾಕಷ್ಟು ಗಟ್ಟಿಯಿರಲಿಲ್ಲ. 1970ರ ದಶಕದ ನಡುವಿನಿಂದ ಬಂದ ಪಿ1ಗಳ ಫ್ರೇಮ್‌ನಲ್ಲಿ ಆ ಜಾಗಕ್ಕೆ ಅಡ್ಡಲಾಗಿ ಆರು ಮೂಲೆಯ ಉಕ್ಕಿನ ಬೋಲ್ಟೊಂದು ಕಾಣಿಸುತ್ತದೆ. ಪಕ್ಕದಿಂದ ನೋಡಿದರೆ ಟ್ರಿಗರ್‌ನ ಮೇಲ್ಗಡೆ, ಸ್ವಲ್ಪ ಮುಂದಕ್ಕೆ ಆರು ಮೂಲೆಯ ಆ ತುದಿ ಫ್ರೇಮ್‌ನ ಮೈಗೆ ಸಮವಾಗಿ ಕುಳಿತಿರುತ್ತದೆ. ಹಳೆಯ ಪಿ1 ಕೊಳ್ಳುವವರು ಮೊದಲು ಹುಡುಕುವುದು ಅದನ್ನೇ. ಇದಕ್ಕೆ ಎದುರಾಗಿ, ಮೊದಲಿನಿಂದಲೇ ಅಲ್ಯೂಮಿನಿಯಂಗೆಂದು ಯೋಚಿಸಿ ರೂಪಿಸಿದ ಬೆರೆಟ್ಟಾ 92 ಮತ್ತು ಸಿಗ್ ಪಿ226 ಪಿಸ್ತೂಲುಗಳನ್ನು ನೋಡಿ. 1985ರಲ್ಲಿ ಅಮೆರಿಕದ ಸೇನೆ ಎಂ9 ಎಂಬ ಹೆಸರಿನಲ್ಲಿ ಸ್ವೀಕರಿಸಿದ ಬೆರೆಟ್ಟಾ ಮೂರು ದಶಕಗಳಿಗೂ ಹೆಚ್ಚು ಕಾಲ ಸೇವೆಯಲ್ಲಿತ್ತು. ಅದರಲ್ಲಿ ಸವೆದು ಮುರಿಯುವ ಭಾಗವೆಂದು ಎಲ್ಲರಿಗೂ ಗೊತ್ತಿರುವುದು ಬ್ಯಾರೆಲಿನ ಕೆಳಗಿನ ಲಾಕಿಂಗ್ ಬ್ಲಾಕ್, ಅದು ಉಕ್ಕಿನದು.

ನಿಮ್ಮ ಲೆಕ್ಕವನ್ನು ನೋಡಿದರೆ ವರ್ಷಕ್ಕೆ 2400 ಗುಂಡುಗಳಾಗುತ್ತವೆ, ಹತ್ತು ವರ್ಷಕ್ಕೆ 24,000. ಒಳ್ಳೆಯ ತಯಾರಕರ ಇಂದಿನ ಅಲಾಯ್ ಫ್ರೇಮ್, ಸ್ಪ್ರಿಂಗನ್ನು ಕಾಲಕಾಲಕ್ಕೆ ಬದಲಿಸಿದರೆ, ಇಷ್ಟನ್ನು ತಡೆದುಕೊಳ್ಳುತ್ತದೆ. ಆ ಹೊತ್ತಿಗೆ ನೀವು ಕಾಡತೂಸುಗಳಿಗೆ ಕೊಟ್ಟ ಹಣ ಪಿಸ್ತೂಲಿನ ಬೆಲೆಯ ಎಷ್ಟೋ ಪಟ್ಟು ಆಗಿರುತ್ತದೆ, ಆದ್ದರಿಂದ ಫ್ರೇಮ್ ನಿಜವಾಗಿ ದಣಿದರೂ ಅದು ದೊಡ್ಡ ನಷ್ಟವೆನಿಸಬಾರದು. ಫ್ರೇಮ್‌ನ ಆಯುಷ್ಯವನ್ನು ನಿರ್ಧರಿಸುವುದು ಬಹಳ ಮಟ್ಟಿಗೆ ಸ್ಲೈಡನ್ನು ತಡೆದು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಎಂಬುದನ್ನು ಮಾತ್ರ ಮರೆಯಬೇಡಿ. ಸೋತ ಸ್ಪ್ರಿಂಗ್ ಸ್ಲೈಡ್‌ನ ವೇಗವನ್ನು ತಗ್ಗಿಸುವುದಿಲ್ಲ, ಸ್ಲೈಡ್ ಬಂದು ಫ್ರೇಮ್‌ಗೆ ಬಡಿಯುತ್ತದೆ. ಪೂರ್ಣ ಗಾತ್ರದ 9 ಎಂಎಂ ಪಿಸ್ತೂಲುಗಳಿಗೆ ಸುಮಾರು 5000 ಗುಂಡುಗಳಿಗೊಮ್ಮೆ ಬದಲಿಸುವುದು ರೂಢಿ, ಬ್ಯಾರೆಲ್ ಚಿಕ್ಕದಾದಷ್ಟೂ ಇದು ಬೇಗ ಬರುತ್ತದೆ. ನಿಮ್ಮ ಪಿಸ್ತೂಲಿನ ಕೈಪಿಡಿ ಹೇಳುವ ಸಂಖ್ಯೆಯನ್ನೇ ಪಾಲಿಸಿ. ಹೊಡೆದ ಗುಂಡುಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವವರು ತೀರಾ ಕಡಿಮೆ, ಅಲಾಯ್ ಫ್ರೇಮ್ ಇರುವವರಾದರೂ ಬರೆದಿಡಬೇಕು. ಹೆಚ್ಚು ಒತ್ತಡದ, +ಪಿ ಗುರುತಿನ ಕಾಡತೂಸುಗಳನ್ನು ಅಭ್ಯಾಸಕ್ಕೆ ಸುರಿಯಬೇಡಿ. ಸಾಧಾರಣ 9 ಎಂಎಂಗೆ ಅಮೆರಿಕದ ಉದ್ಯಮ ಮಾನದಂಡ ನಿಗದಿಪಡಿಸಿರುವ ಗರಿಷ್ಠ ಒತ್ತಡ 35,000 ಪಿಎಸ್‌ಐ, +ಪಿಗೆ 38,500. ಇವನ್ನು ಒಯ್ಯಲು ಇಟ್ಟುಕೊಂಡು, ಪಿಸ್ತೂಲಿನಲ್ಲಿ ಸರಿಯಾಗಿ ಓಡುತ್ತವೆಂದು ಖಾತ್ರಿಪಡಿಸಿಕೊಳ್ಳುವಷ್ಟು ಮಾತ್ರ ಹಾರಿಸಿದರೆ ಸಾಕು.

ಹಾಗಾದರೆ ಉಕ್ಕನ್ನು ಯಾರಿಗೆ ಹೇಳುತ್ತೇನೆ? ತಿಂಗಳಿಗೆ ಇನ್ನೂರರ ಬದಲು ವಾರಕ್ಕೆ ಐನೂರು ಹಾರಿಸುವವರಿಗೆ, ಅದೇ ಪಿಸ್ತೂಲಿನಲ್ಲಿ ಸ್ಪರ್ಧೆಗೂ ಇಳಿಯುವವರಿಗೆ, ದಿನಕ್ಕೆ ಒಂದೆರಡು ಗಂಟೆ ಮಾತ್ರ ಒಯ್ಯುವವರಿಗೆ. ಕೆಲವರು ಒಂದೇ ಮಾದರಿಯ ಎರಡನ್ನೂ ಇಟ್ಟುಕೊಂಡು ಉಕ್ಕಿನದರಲ್ಲಿ ಅಭ್ಯಾಸ ಮಾಡಿ ಅಲಾಯ್‌ನದನ್ನು ಒಯ್ಯುತ್ತಾರೆ. ಟ್ರಿಗರ್, ಸೇಫ್ಟಿ, ಸೈಟ್ ಎಲ್ಲವೂ ಒಂದೇ ಇರುವುದರಿಂದ ಇದು ಒಳ್ಳೆಯ ಏರ್ಪಾಡೇ, ಆದರೆ ಪ್ರತಿ ಅಭ್ಯಾಸದ ಕೊನೆಯ ಎರಡು ಮ್ಯಾಗಜೀನ್‌ಗಳನ್ನಾದರೂ ಒಯ್ಯುವ ಪಿಸ್ತೂಲಿನಲ್ಲೇ ಹಾರಿಸಬೇಕು. ಇಲ್ಲದಿದ್ದರೆ ಕೈ ಕಲಿತಿರುವುದು ಮನೆಯಲ್ಲಿರುವ ಪಿಸ್ತೂಲಿನ ಒದೆತವನ್ನು.

ಪ್ರಶ್ನೆ: ನನ್ನ ಬಳಿ ಬಳಸಿದ, 1911 ಮಾದರಿಯ .45 ಪಿಸ್ತೂಲಿದೆ, ಅಲಾಯ್ ಫ್ರೇಮ್‌ನದು. ಬಿಚ್ಚಿ ನೋಡಿದಾಗ ಹಳಿಗಳ ಮೇಲೆ ಕಪ್ಪು ಬಣ್ಣ ಹೋಗಿ ಬೆಳ್ಳಗೆ ಹೊಳೆಯುವ ಗೆರೆಗಳು ಕಂಡವು. ಕಾಡತೂಸು ಮೇಲೇರುವ ಇಳಿಜಾರಿನಲ್ಲಿ ಉಗುರಿಗೆ ಸಿಗುವಷ್ಟು ತಗ್ಗೂ ಇದೆ. ಅದನ್ನು ಎಮರಿ ಕಾಗದದಿಂದ ಉಜ್ಜಿ ನಯಮಾಡಬಹುದೇ?

ಉತ್ತರ: ದಯವಿಟ್ಟು ಉಜ್ಜಬೇಡಿ. ಅಲಾಯ್ ಫ್ರೇಮ್‌ನ ಮೇಲ್ಮೈಯಲ್ಲಿರುವ ಕಪ್ಪು ಪದರ ಬಳಿದ ಬಣ್ಣವಲ್ಲ. ಲೋಹವನ್ನೇ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಆಕ್ಸೈಡ್ ಆಗಿ ಮಾರ್ಪಡಿಸಿದ ಪದರ. ಹಾರ್ಡ್ ಆನೊಡೈಸಿಂಗ್ ಎಂದು ಕರೆಯುವ ಈ ಪದರದ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು, ಅದರಲ್ಲಿ ಅರ್ಧ ಲೋಹದೊಳಕ್ಕೆ ಇಳಿದಿರುತ್ತದೆ, ಅರ್ಧ ಮೇಲಕ್ಕೆ ಬೆಳೆದಿರುತ್ತದೆ. ಗಡಸುತನದಲ್ಲಿ ಅದು ಹದಗೊಳಿಸಿದ ಉಕ್ಕಿಗೆ ಸಾಟಿ. ಆದರೆ ಅದರ ಕೆಳಗಿರುವುದು ಮೆತ್ತನೆಯ ಲೋಹ. ಎಮರಿ ಕಾಗದದ ನಾಲ್ಕು ಎಳೆತಕ್ಕೆ ಪದರ ಹೋಗಿಬಿಡುತ್ತದೆ, ಆಮೇಲೆ ತಗ್ಗು ಬೆಳೆಯುತ್ತಲೇ ಹೋಗುತ್ತದೆ. ಇಳಿಜಾರಿನ ಕೋನ ಬದಲಾದರೆ ಕಾಡತೂಸು ಸಿಕ್ಕಿಕೊಳ್ಳಲು ಶುರುವಾಗುತ್ತದೆ.

ಹಳಿಗಳ ಬೆಳ್ಳಿಗೆರೆಗಳ ಬಗ್ಗೆ ಗಾಬರಿ ಬೇಡ. ಉಕ್ಕಿನ ಸ್ಲೈಡ್ ಮತ್ತು ಅಲಾಯ್ ಹಳಿ ಒಂದಕ್ಕೊಂದು ಹೊಂದಿಕೊಳ್ಳುವಾಗ ಎತ್ತರವಾಗಿದ್ದ ಜಾಗಗಳು ಸವೆದು ಹೊಳೆಯುತ್ತವೆ, ನಂತರ ಅದು ಅಲ್ಲಿಗೇ ನಿಲ್ಲುವುದು ವಾಡಿಕೆ. ಬೆರಳಿನ ಉಗುರನ್ನು ಹಳಿಯ ಉದ್ದಕ್ಕೂ ಎಳೆದು ನೋಡಿ. ಹೊಳಪು ಮಾತ್ರ ಇದ್ದು ಉಗುರು ಎಲ್ಲೂ ತಡೆಯದಿದ್ದರೆ ಅದು ಸಹಜ ಸವೆತ. ಅಂಚು ಮೇಲೆದ್ದು ಗರಗಸದಂತಾಗಿದ್ದರೆ, ಎಣ್ಣೆ ಒರೆಸಿದ ಬಟ್ಟೆಯಲ್ಲಿ ಬೆಳ್ಳಿಯ ಪುಡಿ ಮತ್ತೆ ಮತ್ತೆ ಕಾಣುತ್ತಿದ್ದರೆ, ಬಲ್ಲವರಿಗೆ ತೋರಿಸಿ. ಅಲಾಯ್ ಹಳಿಗಳಿಗೆ ತೆಳುವಾದ ಎಣ್ಣೆಗಿಂತ ಸ್ವಲ್ಪ ಗ್ರೀಸ್ ಒಳ್ಳೆಯದು. ವಾರಗಟ್ಟಲೆ ಸೊಂಟದಲ್ಲಿದ್ದರೂ ಅದು ಹರಿದುಹೋಗುವುದಿಲ್ಲ.

ಇಳಿಜಾರಿನ ತಗ್ಗು ಈ ಮಾದರಿಯ ಅಲಾಯ್ ಫ್ರೇಮ್‌ಗಳ ಹಳೆಯ ದೌರ್ಬಲ್ಯ. 1911ರ ಮೂಲ ವಿನ್ಯಾಸದಲ್ಲಿ ಇಳಿಜಾರಿನ ಕೆಳಭಾಗ ಫ್ರೇಮ್‌ನಲ್ಲೇ ಇದೆ, ಹೀಗಾಗಿ ಪ್ರತಿ ಗುಂಡಿನ ಮೂತಿಯೂ ಅಲ್ಲಿಗೇ ಬಡಿಯುತ್ತದೆ. ದುಂಡು ಮೂತಿಯ ಗುಂಡುಗಳಿಂದ ಆಗುವ ಹಾನಿ ಕಡಿಮೆ, ಅಗಲ ಬಾಯಿಯ ಹಾಲೋ ಪಾಯಿಂಟ್‌ಗಳಿಂದ ಹೆಚ್ಚು. ಕೆಲವು ಮ್ಯಾಗಜೀನ್‌ಗಳಲ್ಲಿ ಕಾಡತೂಸುಗಳನ್ನು ಮೇಲಕ್ಕೆ ತಳ್ಳುವ ಲೋಹದ ತಟ್ಟೆ, ಅಂದರೆ ಫಾಲೋವರ್, ಕೊನೆಯ ಗುಂಡಿನ ನಂತರ ಮುಂದಕ್ಕೆ ಜಾರಿ ತನ್ನ ಅಂಚಿನಿಂದಲೇ ಇಳಿಜಾರನ್ನು ಕೆತ್ತುತ್ತದೆ. ಮೊದಲು ಮ್ಯಾಗಜೀನ್ ಪರೀಕ್ಷಿಸಿ: ಪಿಸ್ತೂಲು ಪೂರ್ತಿ ಖಾಲಿಯಿರುವಾಗ ಖಾಲಿ ಮ್ಯಾಗಜೀನ್ ಹಾಕಿ, ಸ್ಲೈಡ್ ತೆರೆದಿಟ್ಟು ಒಳಗೆ ಬೆಳಕು ಬಿಟ್ಟು ನೋಡಿದರೆ ಫಾಲೋವರ್‌ನ ಮೂತಿ ತಗ್ಗಿನ ಎದುರಿಗೇ ಇದೆಯೋ ಇಲ್ಲವೋ ತಿಳಿಯುತ್ತದೆ. ಇದ್ದರೆ ಮ್ಯಾಗಜೀನ್ ಬದಲಿಸಿ. ತಗ್ಗು ಆಳವಾಗಿದ್ದು ಕಾಡತೂಸು ತಡೆಯುತ್ತಿದ್ದರೆ ನುರಿತ ಗನ್‌ಸ್ಮಿತ್ ಆ ಜಾಗದಲ್ಲಿ ಉಕ್ಕಿನ ತುಣುಕನ್ನು ಕೂರಿಸಬಲ್ಲರು. ಹೊಸದಾಗಿ ಬರುವ ಅನೇಕ ಅಲಾಯ್ 1911ಗಳಲ್ಲಿ ಇಳಿಜಾರನ್ನು ಬ್ಯಾರೆಲಿಗೇ ಸೇರಿಸಿ ಈ ತೊಂದರೆಯನ್ನು ಬುಡದಲ್ಲೇ ತೆಗೆದಿದ್ದಾರೆ, ಇಂಥ ಪಿಸ್ತೂಲು ಕೊಳ್ಳುವವರು ಅದನ್ನು ಕೇಳಿಯೇ ಕೊಳ್ಳಬೇಕು. ಅಂದಹಾಗೆ, ಹಿಡಿಕೆಯ ಸ್ಕ್ರೂಗಳನ್ನು ಬಿಗಿಮಾಡುವಾಗ ಕೈಯನ್ನು ಹಗುರವಾಗಿಡಿ. ಅಲಾಯ್‌ನಲ್ಲಿ ಕೊರೆದ ಎಳೆಗಳು ಉಕ್ಕಿನಲ್ಲಿ ಕೊರೆದವುಗಳಷ್ಟು ಬಲವನ್ನು ತಾಳುವುದಿಲ್ಲ.

ಪ್ರಶ್ನೆ: ಬೆವರು ಹೆಚ್ಚು ಬರುವ ದೇಹ ನನ್ನದು, ಇರುವುದು ಉಪ್ಪುಗಾಳಿಯ ಕಡಲತೀರದಲ್ಲಿ. ಬಟ್ಟೆಯ ಒಳಗೆ, ಮೈಗೆ ತಗಲುವಂತೆ ಒಯ್ಯುತ್ತೇನೆ. ತುಕ್ಕಿನ ದೃಷ್ಟಿಯಿಂದ ಸ್ಟೇನ್‌ಲೆಸ್ ಸ್ಟೀಲ್ ಮೇಲೋ, ಅಲಾಯ್ ಮೇಲೋ?

ಉತ್ತರ: ಫ್ರೇಮ್ ಒಂದನ್ನೇ ನೋಡಿದರೆ ಆನೊಡೈಸ್ ಮಾಡಿದ ಅಲಾಯ್‌ಗೆ ನನ್ನ ಮತ. ಅದಕ್ಕೆ ಕೆಂಪು ತುಕ್ಕು ಹಿಡಿಯುವುದೇ ಇಲ್ಲ. ಸ್ಟೇನ್‌ಲೆಸ್ ಎಂಬ ಹೆಸರನ್ನು ನಂಬಿ ವಾರಗಟ್ಟಲೆ ಒರೆಸದೆ ಬಿಟ್ಟವರು ಹಿಡಿಕೆಯ ಅಡಿಯಲ್ಲಿ ಕಂದು ಚುಕ್ಕೆಗಳನ್ನು ಕಂಡು ಬೆಚ್ಚಿಬೀಳುತ್ತಾರೆ. ಪಿಸ್ತೂಲುಗಳಿಗೆ ಬಳಸುವ ಸ್ಟೇನ್‌ಲೆಸ್‌ಗಳಲ್ಲಿ ಕೆಲವು, ಉದಾಹರಣೆಗೆ 416, ಯಂತ್ರದಲ್ಲಿ ಸುಲಭವಾಗಿ ಕತ್ತರಿಸಲೆಂದು ಗಂಧಕ ಸೇರಿಸಿದವು, ಅದೇ ಗಂಧಕದಿಂದ ಅವುಗಳ ತುಕ್ಕು ತಡೆಯುವ ಶಕ್ತಿ ತಗ್ಗಿರುತ್ತದೆ. ಹಾಗೆಂದು ಅಲಾಯ್ ಅಮರವೂ ಅಲ್ಲ. ಪದರ ಕಿತ್ತುಹೋದ ಜಾಗದಲ್ಲಿ, ಅದರಲ್ಲೂ ಉಕ್ಕಿನ ಪಿನ್ನು ಅಲ್ಯೂಮಿನಿಯಂ ಅನ್ನು ತಾಗುವೆಡೆಯಲ್ಲಿ, ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿಕೊಂಡು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಬಿಳಿ ಪುಡಿ ಕಂಡರೆ ಅದೇ.

ನಿಮ್ಮ ಪಿಸ್ತೂಲಿನ ಸ್ಲೈಡ್ ಹೇಗೂ ಉಕ್ಕಿನದೇ ಆಗಿರುವುದರಿಂದ, ಮೈಗೆ ತಾಗುವ ಸ್ಲೈಡ್‌ನ ಲೇಪನ ಯಾವುದು ಎಂಬುದು ಫ್ರೇಮ್‌ಗಿಂತ ದೊಡ್ಡ ಪ್ರಶ್ನೆ. ಉಕ್ಕಿಗೆ ಕಡುನೀಲಿ ಬಣ್ಣ ಕೊಡುವ ಹಳೆಯ ಬ್ಲೂಯಿಂಗ್ ಲೇಪನ ನಿಮ್ಮಂಥವರ ಬೆವರಿಗೆ ಒಂದು ಬೇಸಿಗೆಯನ್ನೂ ತಡೆಯುವುದು ಕಷ್ಟ. ಪ್ರತಿ ರಾತ್ರಿ ಒಣಬಟ್ಟೆಯಿಂದ ಒರೆಸಿ, ಎಣ್ಣೆ ಸೋಕಿಸಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಚರ್ಮದ ಹೋಲ್ಸ್ಟರ್‌ನಿಂದ ಹೊರಗೇ ಇಡಿ; ಚರ್ಮ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶುಚಿ ಮಾಡುವಾಗ ಅಮೋನಿಯಾ ಇರುವ ದ್ರಾವಣಗಳನ್ನೂ ಅಡುಗೆಮನೆಯ ಜಿಡ್ಡು ತೆಗೆಯುವ ತೀವ್ರ ಕ್ಷಾರದ ದ್ರಾವಣಗಳನ್ನೂ ಅಲಾಯ್ ಫ್ರೇಮ್‌ಗೆ ತಾಗಿಸಬೇಡಿ, ಕ್ಷಾರ ಆ ಆಕ್ಸೈಡ್ ಪದರವನ್ನೇ ತಿನ್ನುತ್ತದೆ.

ಪ್ರಶ್ನೆ: ಸ್ಕ್ಯಾಂಡಿಯಂ ಫ್ರೇಮ್ ಎಂದು ಕೇಳಿದ್ದೇನೆ. ಅದು ಅಲ್ಯೂಮಿನಿಯಂಗಿಂತ ಬೇರೆಯೇ? ಪಾಲಿಮರ್ (ಪ್ಲಾಸ್ಟಿಕ್) ಫ್ರೇಮ್ ಇರುವಾಗ ಇವೆಲ್ಲ ಏಕೆ?

ಉತ್ತರ: ಸ್ಕ್ಯಾಂಡಿಯಂ ಫ್ರೇಮ್ ಕೂಡ ಅಲ್ಯೂಮಿನಿಯಂ ಫ್ರೇಮೇ. ಶೇಕಡ ಒಂದಕ್ಕಿಂತ ಕಡಿಮೆ ಸ್ಕ್ಯಾಂಡಿಯಂ ಸೇರಿಸಿದರೆ ಲೋಹದ ಹರಳುಗಳು ನುಣ್ಣಗಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ತಯಾರಕರು ಅದನ್ನು ಇನ್ನಷ್ಟು ತೆಳ್ಳಗೆ ಕತ್ತರಿಸುತ್ತಾರೆ. ಸ್ಮಿತ್ ಆಂಡ್ ವೆಸನ್‌ನ .357 ಮ್ಯಾಗ್ನಂ ರಿವಾಲ್ವರುಗಳಲ್ಲಿ 350 ಗ್ರಾಂಗಿಂತ ಕಡಿಮೆ ತೂಗುವವೂ ಇವೆ. ಒಯ್ಯಲು ಅವು ಸೊಗಸು, ಹಾರಿಸಲು ಶಿಕ್ಷೆ. ಒದೆತ ಎಷ್ಟು ಜೋರೆಂದರೆ ಸಿಲಿಂಡರಿನಲ್ಲಿ ಸರದಿ ಕಾಯುತ್ತಿರುವ ಕಾಡತೂಸುಗಳ ಗುಂಡು ತನ್ನ ಕೊಳವೆಯಿಂದ ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಮಾಡಬಹುದು. ಹಗುರಗೊಳಿಸುವ ಆಟಕ್ಕೂ ಒಂದು ಕೊನೆಯಿದೆ: 1950ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆ ತನ್ನ ವಿಮಾನ ಸಿಬ್ಬಂದಿಗೆಂದು ಮಾಡಿಸಿದ ರಿವಾಲ್ವರುಗಳಲ್ಲಿ ಫ್ರೇಮ್ ಮಾತ್ರವಲ್ಲ, ಸಿಲಿಂಡರ್ ಕೂಡ ಅಲ್ಯೂಮಿನಿಯಂನದಾಗಿತ್ತು. ಅವಕ್ಕೆಂದೇ ಒತ್ತಡ ತಗ್ಗಿಸಿದ ಕಾಡತೂಸು ಮಾಡಿದರೂ ಸಿಲಿಂಡರುಗಳು ನಂಬಿಕೆಗೆ ಅರ್ಹವಾಗಲಿಲ್ಲ, ಬಹುಪಾಲು ರಿವಾಲ್ವರುಗಳನ್ನು ಕೊನೆಗೆ ನಾಶಪಡಿಸಲಾಯಿತು. ಒತ್ತಡ ಹೊರುವ ಭಾಗ ಅಲ್ಯೂಮಿನಿಯಂನದಾಗಿರಬಾರದು ಎಂಬುದು ಅಂದಿನಿಂದ ಇತ್ಯರ್ಥವಾದ ಮಾತು.

ಪಾಲಿಮರ್ ಬಗ್ಗೆ: 1982ರಲ್ಲಿ ಆಸ್ಟ್ರಿಯದ ಸೇನೆ ಗ್ಲಾಕ್ 17 ಅನ್ನು ಒಪ್ಪಿಕೊಂಡ ಮೇಲೆ ಒಯ್ಯುವ ಪಿಸ್ತೂಲುಗಳ ಮಾರುಕಟ್ಟೆಯ ದೊಡ್ಡ ಪಾಲು ಅದರ ಕಡೆ ಹೋಗಿದೆ, ಹೋಗಿದ್ದು ಸರಿಯಾಗಿಯೇ ಇದೆ. ಅದರಲ್ಲೂ ಸ್ಲೈಡ್ ಓಡುವುದು ಪ್ಲಾಸ್ಟಿಕ್‌ನೊಳಗೆ ಹುದುಗಿಸಿದ ಉಕ್ಕಿನ ಹಳಿಗಳ ಮೇಲೆ. ತೂಕವನ್ನೊಂದೇ ನೋಡುವವರು ಪಾಲಿಮರ್ ಕೊಳ್ಳಲಿ. ಹ್ಯಾಮರ್ ಇರುವ ಹಳೆಯ ವಿನ್ಯಾಸದ ಟ್ರಿಗರ್, ತೆಳ್ಳನೆಯ ಹಿಡಿಕೆ, ಕೈಯಲ್ಲಿ ಸ್ವಲ್ಪ ಲೋಹದ ಭಾರ ಬೇಕೆನ್ನುವವರಿಗೆ ಅಲಾಯ್ ನಡುವಿನ ದಾರಿಯಾಗಿ ಉಳಿದುಕೊಂಡಿದೆ.

ಪ್ರಶ್ನೆ: ನನ್ನ ಹೆಂಡತಿಯ ಮಣಿಕಟ್ಟು ಅಷ್ಟು ಬಲವಾದದ್ದಲ್ಲ. ಅಲಾಯ್ ಪಿಸ್ತೂಲು ಅವಳ ಕೈಯಲ್ಲಿ ಆಗಾಗ ಸಿಕ್ಕಿಕೊಳ್ಳುತ್ತದೆ, ನನ್ನ ಕೈಯಲ್ಲಿ ಇಲ್ಲ. ಉಕ್ಕಿನದಾದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವ ಸಾಧ್ಯತೆ ಇದೆ. ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಬೇಕಾದರೆ ಫ್ರೇಮ್ ತನ್ನ ಜಾಗದಲ್ಲಿ ನಿಲ್ಲಬೇಕು. ಕೈ ಸಡಿಲವಾಗಿದ್ದು ಫ್ರೇಮ್ ಕೂಡ ಸ್ಲೈಡ್‌ನ ಜೊತೆಗೇ ಹಿಂದಕ್ಕೆ ಓಡಿದರೆ ಸ್ಲೈಡ್‌ನ ಓಟ ಅರ್ಧಕ್ಕೇ ನಿಂತು ಖಾಲಿ ಕೊಳವೆ ಸಿಕ್ಕಿಕೊಳ್ಳುತ್ತದೆ. ಫ್ರೇಮ್ ಭಾರವಿದ್ದಷ್ಟೂ ಅದು ತನ್ನ ಭಾರದಿಂದಲೇ ನಿಲ್ಲುತ್ತದೆ. ಆದರೆ ಹೊಸ ಪಿಸ್ತೂಲಿಗೆ ಹಣ ಹಾಕುವ ಮೊದಲು ಅವರ ಹಿಡಿತವನ್ನು ತಿದ್ದಿ ನೋಡಿ: ಕೈ ಹಿಡಿಕೆಯ ಮೇಲೆ ಸಾಧ್ಯವಾದಷ್ಟು ಮೇಲಕ್ಕಿರಲಿ, ಎರಡನೆಯ ಕೈ ಬಿಗಿಯಾಗಿ ಸುತ್ತುವರಿಯಲಿ, ಮೊಣಕೈ ಪೂರ್ತಿ ಸಡಿಲ ಬಿಡದಿರಲಿ. ಮ್ಯಾಗಜೀನ್‌ನಲ್ಲಿ ಕೊನೆಯ ಒಂದೆರಡು ಗುಂಡು ಉಳಿದಾಗ, ಪಿಸ್ತೂಲು ತೀರಾ ಹಗುರವಾದ ಹೊತ್ತಿನಲ್ಲಿ, ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ ತೂಕವೇ ಕಾರಣವೆಂದು ಹೇಳಬಹುದು. ಮ್ಯಾಗಜೀನ್ ತುಂಬಿರುವಾಗಲೂ ಹಾಗೆಯೇ ಆಗುತ್ತಿದ್ದರೆ ಮೊದಲು ಬೇರೆ ಕಾಡತೂಸು ಹಾಕಿ ನೋಡಿ, ಆಮೇಲೆ ಸ್ಪ್ರಿಂಗ್ ಬದಲಿಸಿ. ಉಕ್ಕಿನ ಫ್ರೇಮ್‌ನ ಮಾತು ಅದರ ನಂತರ.